ಸೊಳ್ಳೆಪರದೆಯೊಳಗೆ ತಂಗಿ

ಮಂಗಳೂರಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಮಸ್ಕತ್ತಿಗೆ ವಾಪಸಾದ ಸ್ವಲ್ಪ ದಿನಕ್ಕೇ ತಂಗಿಗೆ ಚಳಿಜ್ವರ ಬಂತು. ಅವಳಾಗ ಏಳು ತಿಂಗಳ ಬಸುರಿ. ಗಂಡನಿಗೆ ದೂರದ ಸೂರ್ ಪಟ್ಟಣದ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಹಾಗಾಗಿ ಹೆರಿಗೆಯವರೆಗೆ ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲೇ ಇದ್ದಳು. ಮತ್ತೆ ನಡುಕ ಹತ್ತಿದಾಗ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ರಕ್ತದ ರಿಪೋರ್ಟ್ ನೋಡಿದ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಮಲೇರಿಯಾ. ಅಷ್ಟೇ ತಾನೇ ಎಂದು ನನಗೆ ಸಮಾಧಾನವಾಯಿತು. ನಮ್ಮ ಮನೆಯಲ್ಲಿ ಅದು ಬಾರದವರೇ ಇಲ್ಲ. ಬಸುರಿಗೆ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ ಎಂದು ಅವರು ಆಂಬುಲೆನ್ಸಿಗೆ ಫೋನ್ ಮಾಡಿದಾಗ ನಾನು ತಂಗಿಯ ಗಂಡನಿಗೆ ಕೂಡಲೇ ಬರಹೇಳಿದೆ.

ದೊಡ್ಡಾಸ್ಪತ್ರೆಯಲ್ಲಿ ಅವಳ ಮಂಚದ ಸುತ್ತ ಸೊಳ್ಳೆಪರದೆ ಇಳಿಬಿಟ್ಟರು. ಎಸಿ ವಾರ್ಡು, ಮುಚ್ಚಿದ ಕಿಟಕಿ.

"ಇಲ್ಲಿ ಸೊಳ್ಳೆ ಉಂಟಾ ಸಿಸ್ಟರ್?" ತಂಗಿ ಕೇಳಿದಳು.

ನರ್ಸ್ ಕಾಸರಗೋಡಿನವರು. "ಒಂದೋ ಎರಡೋ ಇರ್ತದೆ. ಅದರಲ್ಲಿ ರೋಗ ಇಲ್ಲ. ನಿಮ್ಮನ್ನು ಕಚ್ಚಿದ್ರೆ ನಿಮ್ಮಿಂದ ಅದಕ್ಕೆ ಹೋಗ್ತದೆ, ಅದರಿಂದ ಬೇರೆಯವರಿಗೆ."

"ಅಂದ್ರೆ ಈ ಪರದೆ ನನ್ನನ್ನಲ್ಲ, ಬೇರೆಯವರನ್ನು ಕಾಪಾಡ್ಲಿಕ್ಕಾ ಅಕ್ಕ?"

ನಾನು ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದೆ.

ಮರುದಿನ ಆರೋಗ್ಯ ಇಲಾಖೆಯವರು ನಮ್ಮ ಕಟ್ಟಡಕ್ಕೆ ಬಂದು ಎಲ್ಲರ ಬೆರಳು ಚುಚ್ಚಿ ರಕ್ತ ತೆಗೆದರು. ನೀರಿನ ಟ್ಯಾಂಕ್ ತೋರಿಸಲು ನಾನೂ ತಾರಸಿ ಹತ್ತಿದೆ. ಟ್ಯಾಂಕಿನ ಪಕ್ಕದಲ್ಲಿ ಹಾಸಿಗೆಗಳು ಸಾಲಾಗಿದ್ದವು. ಮೆಟ್ಟಿಲು ತೊಳೆಯುವ, ಕಾರು ಒರೆಸುವ ಬಾಂಗ್ಲಾದವರು ಮಲಗುವುದು ಅಲ್ಲೇ, ಬಯಲಲ್ಲೇ. ಇಷ್ಟು ವರ್ಷ ನಮ್ಮ ತಲೆಯ ಮೇಲೆಯೇ ಮಲಗುತ್ತಿದ್ದರೂ ನನಗೆ ಗೊತ್ತಿರಲಿಲ್ಲ. ತಂಗಿ ಜ್ವರದಲ್ಲೇ ಗಾಳಿಗೆಂದು ಬಾಲ್ಕನಿಯಲ್ಲಿ ಕೂರುತ್ತಿದ್ದುದು ನೆನಪಾಯಿತು. ಅವಳನ್ನು ಕಚ್ಚಿದ ಸೊಳ್ಳೆಗೆ ಇನ್ನೊಂದು ಮೈ ಸಿಗಲು ಎಷ್ಟು ದೂರ? ಒಮಾನಿ ಅಧಿಕಾರಿ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತ ಅವರಿಗೆಲ್ಲ ಪರದೆ ಹಂಚಿಸಿದರು. ಡಿಶ್ ಆಂಟೆನಾದ ಕಂಬಗಳಿಗೆ ಹಗ್ಗ ಬಿಗಿದು ಕಟ್ಟಲು ನಾನೂ ಕೈಹಾಕಿದೆ.

ಯಾರ ರಕ್ತದಲ್ಲೂ ರೋಗ ಸಿಗಲಿಲ್ಲ. ತಂಗಿಯ ಜ್ವರ ಇಳಿಯಿತು. ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕೇಳಿಸಿದಾಗ ಅವಳ ಗಂಡ ಗೋಡೆಗೊರಗಿ ಅತ್ತುಬಿಟ್ಟರು.

ಮಂಗಳೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ.

"ಮಲೇರಿಯಾ ತಾನೇ? ಮಳೆಗಾಲದಲ್ಲಿ ಯಾರಿಗೆ ಬರೂದಿಲ್ಲ?" ಎಂದರು. ಆಮೇಲೆ ಏನೋ ನೆನಪಾದವರಂತೆ, "ಇಲ್ಲಿ ಹೊಸ ಬಿಲ್ಡಿಂಗ್ ಕಟ್ತಾ ಇದ್ದಾರಲ್ಲ, ಆ ಕೆಲಸದವರ ಶೆಡ್ಡಲ್ಲಿ ಒಬ್ಳು ಬಸುರಿ ಅದರಲ್ಲೇ ತೀರಿಹೋದ್ಲಂತೆ, ಪಾಪ."

"ಅವಳಿಗೆ ಪರದೆ ಇರ್ಲಿಲ್ವಾ?"

"ಶೆಡ್ಡಲ್ಲಿ ಎಂಥ ಪರದೆ ಮಗಾ?"

"ಅಮ್ಮ, ಉಳಿದವರಿಗಾದರೂ ಇವತ್ತೇ ಪರದೆ ತಕ್ಕೊಂಡೋಗಿ ಕೊಡಿ!" ಎಂದು ಕಿರುಚಿದೆ. ನಾನು ಅಮ್ಮನ ಮೇಲೆ ಹಾಗೆ ದನಿಯೇರಿಸಿದವಳೇ ಅಲ್ಲ. ಆ ಕಡೆ ಅಮ್ಮ ಕಪಾಟು ತೆರೆದ ಸದ್ದು ಕೇಳಿಸಿತು. ಆಮೇಲೆ, "ಆಯ್ತು, ಹೋಗ್ತೇನೆ" ಎಂದರು.