ಹತ್ತು ದಿನ ಕಟ್ಟಿ ನೋಡಬೇಕಾಗಿದ್ದ ನಾಯಿ

ಅದು ೧೯೯೬ನೆಯ ಇಸವಿ; ಆಗ ನನಗೆ ಮೂವತ್ತಾರು ವರ್ಷ. ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ವಿಜ್ಞಾನದ ಮೇಷ್ಟರು ರಜೆ ಹಾಕಿದಾಗ ಆರೋಗ್ಯದ ಪಾಠವೂ ನನ್ನ ಪಾಲಿಗೆ ಬರುತ್ತಿದ್ದುದರಿಂದ, ನಾಯಿ ಕಚ್ಚಿದರೆ ಏನು ಮಾಡಬೇಕೆಂಬುದನ್ನು ಮಕ್ಕಳಿಗೆ ಎಷ್ಟೋ ವರ್ಷ ಬಾಯಿಪಾಠ ಮಾಡಿಸಿದ್ದೆ: ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯತಕ್ಕದ್ದು, ನಾಯಿಯನ್ನು ಕೊಲ್ಲದೆ ಹತ್ತು ದಿನ ಕಟ್ಟಿ ನೋಡತಕ್ಕದ್ದು. ತಪ್ಪಿ ಹೇಳಿದವರ ಅಂಗೈಗೆ ಬೆತ್ತದ ಏಟೂ ಬೀಳುತ್ತಿತ್ತು.

ಉಪ್ಪಾರಹಳ್ಳಿಯಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದ ಮನೆಯ ಎದುರಿಗೆ, ಗುಬ್ಬಿ ಕಡೆಯಿಂದ ಬಂದು ನೆಲೆಸಿದ್ದ ಹಿರಿಯರೊಬ್ಬರಿದ್ದರು. ಊರಿನಲ್ಲಿ ತೆಂಗಿನ ತೋಟ, ಶಿರಾ ಗೇಟಿನಲ್ಲಿ ಟೈರು ಅಂಗಡಿ. ಬೀದಿಯವರೆಲ್ಲ ಅವರನ್ನು ಯಜಮಾನರೆಂದೇ ಕರೆಯುತ್ತಿದ್ದರು. ಆ ವರ್ಷದ ಮೊದಲಲ್ಲಿ ಅವರು ತೋಟದಿಂದ ಒಂದು ಗಂಡುನಾಯಿಯನ್ನು ತಂದರು. ಕಂದು ಬಣ್ಣದ್ದು, ಕಾಯಿ ಕದಿಯಲು ಬಂದವರ ಮೇಲೆ ಎಗರಲೆಂದೇ ಬೆಳೆಸಿದ್ದು. ತೋಟದಲ್ಲಿ ಅಂಥ ನಾಯಿಗಳ ಕೊರಳಿಗೆ ಹಗಲು ಹೊತ್ತು ಮೊಳದುದ್ದದ ಮರದ ಕೊರಡನ್ನು ಇಳಿಬಿಡುತ್ತಾರೆ. ನಾಯಿ ಓಡಹೋದರೆ ಕೊರಡು ಮುಂಗಾಲಿಗೆ ಬಡಿದು ಅದನ್ನು ತಡೆಯುತ್ತದೆ. ಕೊರಡು ಕಟ್ಟದೆ ಬಿಟ್ಟ ನಾಯಿ ಯಾರನ್ನಾದರೂ ಕಚ್ಚಿದರೆ ತಪ್ಪು ಸಾಕಿದವನದು. ಅದಕ್ಕೆ ಪಂಚಾಯಿತಿಯೇ ಬೇಕಾಗಿಲ್ಲ. ಪೇಟೆಯಲ್ಲಿ ನೋಡಿದವರು ನಕ್ಕಾರೆಂದು ಯಜಮಾನರು ಆ ಕೊರಡನ್ನು ಬಿಚ್ಚಿಬಿಟ್ಟಿದ್ದರು.

ಸಂಕ್ರಾಂತಿಯ ವಾರದಲ್ಲಿ ಆ ನಾಯಿ ಹಿಂದಿನ ಬೀದಿಯ ಮೇಕೆಮರಿಯೊಂದರ ಹೊಟ್ಟೆಯನ್ನು ಬಗೆದು, ಕರುಳನ್ನು ಚರಂಡಿಯ ಕಲ್ಲಿನವರೆಗೂ ಎಳೆದೊಯ್ದಿತು. ಮರಿಗಿನ್ನೂ ಜೀವವಿತ್ತು. ಕೆಲವು ದಿನಗಳಲ್ಲಿ ಹಾಲಿನವನ ತೊಡೆಗೂ ಬಾಯಿ ಹಾಕಿತು. ನಾನು ನಗರಸಭೆಗೆ ಹೋಗಿ, ನಾಯಿ ಸಾಕುವವರಿಗೆ ಇದ್ದ ನಿಯಮಗಳನ್ನು ನಕಲು ಮಾಡಿಕೊಂಡು ಬಂದು, ಯಜಮಾನರ ಜಗಲಿಯಲ್ಲಿ ಕುಳಿತು ಓದಿದೆ: ಪರವಾನಗಿ ಪಡೆಯತಕ್ಕದ್ದು, ಬಿಲ್ಲೆಯನ್ನು ಕೊರಳಪಟ್ಟಿಗೆ ಸಿಕ್ಕಿಸತಕ್ಕದ್ದು, ಸರಪಳಿಯಿಲ್ಲದೆ ಬೀದಿಗೆ ಬಿಡತಕ್ಕದ್ದಲ್ಲ, ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ತಿಳಿಸತಕ್ಕದ್ದು. ಅವರು ಕಾಫಿ ತರಿಸಿಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ಲೈಸೆನ್ಸ್ ಮಾಡ್ಸಿದೀನಿ ಮೇಷ್ಟ್ರೇ. ಬಿಲ್ಲೆ ದೇವ್ರ ಮನೇಲೈತೆ. ಇದ್ರ ಕೊರಳಿಗೆ ಹಾಕಿ, ಇದು ಎಲ್ಲಾದ್ರೂ ಬೀಳಿಸ್ಕಂಡ್ ಬಂದ್ರೆ ಇನ್ನೊಂದುಕ್ಕೆ ಯಾರ್ ಅಲೀತಾರೆ?"

ಶುಕ್ರವಾರ ಆ ಬಿಲ್ಲೆಗೂ ಕುಂಕುಮ ಇಡುತ್ತೇವೆಂದು ಅವರ ಹೆಂಡತಿ ಒಳಗಿನಿಂದಲೇ ಸೇರಿಸಿದರು. ಸರಪಳಿಯನ್ನಾದರೂ ಹಾಕಿ, ಇಲ್ಲವೇ ಆ ಕೊರಡನ್ನಾದರೂ ಕಟ್ಟಿ ಎಂದೆ.

"ನಿಮ್ ರೂಲ್ಸ್‌ನ ನಾಯಿಗೇ ಓದಿ ಹೇಳಿ. ನನಗಿಂತ ಚೆನ್ನಾಗ್ ಕೇಳುತ್ತೆ" ಎಂದು ನಕ್ಕರು.

ನಗರಸಭೆಗೆ ಅರ್ಜಿ ಕೊಡುತ್ತೇನೆಂದು ಹೇಳಿ ಎದ್ದುಬಂದೆ. ಬರೆದೆ ಕೂಡ. ಆದರೆ ಒಂದು ವಾಕ್ಯ ಬಿಗಿಯಾಗಿಲ್ಲವೆಂದು ತಿದ್ದಿ, ಮತ್ತೊಂದು ಅನಗತ್ಯವೆಂದು ಹೊಡೆದುಹಾಕಿ, ಮೂರು ಬಾರಿ ಪ್ರತಿ ತೆಗೆದೆ. ಮಾರ್ಚ್ ತಿಂಗಳಾದರೂ ಅದು ನನ್ನ ಮೇಜಿನ ಮೇಲೆಯೇ ಇತ್ತು.

ಮಾರ್ಚ್ ೧೧, ಸೋಮವಾರ, ಬೆಳಿಗ್ಗೆ ಏಳರ ಹೊತ್ತು. ನನ್ನ ಹೆಂಡತಿ ಬೀದಿಯ ನಲ್ಲಿಯಲ್ಲಿ ಬಿಂದಿಗೆ ತುಂಬಿಕೊಂಡು ತಿರುಗುತ್ತಿದ್ದಂತೆ ನಾಯಿ ಹಿಂದಿನಿಂದ ಬಂದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಅವಳು ಬಿದ್ದಳು. ಅದು ಬಿಡಲಿಲ್ಲ, ಬಟ್ಟೆ ಹರಿಯುವಂತೆ ತಲೆಯನ್ನು ಅತ್ತಿತ್ತ ಒದರುತ್ತಿತ್ತು. ಕೂಗು ಕೇಳಿ ನಾನು ಹೊರಬಂದಾಗ, ನಲ್ಲಿ ರಿಪೇರಿಯವರು ಬಿಟ್ಟುಹೋಗಿದ್ದ ಕಬ್ಬಿಣದ ಪೈಪಿನ ತುಂಡೊಂದು ಬಾಗಿಲ ಬಳಿ ಇತ್ತು. ಅದರಿಂದ ಬೆನ್ನಿನ ಮೇಲೆ ಹೊಡೆದೆ. ನಾಯಿ ಕಾಲನ್ನು ಬಿಟ್ಟಿತು. ಸೊಂಟ ಮುರಿದಿತ್ತು, ಮುಂಗಾಲುಗಳಿಂದಲೇ ದೇಹವನ್ನೆಳೆದುಕೊಂಡು ತನ್ನ ಮನೆಯ ಕಡೆ ತೆವಳತೊಡಗಿತು. ಅಷ್ಟರಲ್ಲಿ ಬೀದಿಯ ನಾಲ್ಕೈದು ಜನ ದೊಣ್ಣೆ, ಕಲ್ಲುಗಳೊಂದಿಗೆ ಸುತ್ತುವರಿದಿದ್ದರು. ಯಜಮಾನರು ಬರಿಮೈಯಲ್ಲೇ ಸರಪಳಿ ಹಿಡಿದು ಓಡಿಬಂದರು.

"ಹೊಡೀಬ್ಯಾಡಿ ಮೇಷ್ಟ್ರೇ. ಕಟ್ ಹಾಕ್ತೀನಿ, ಹತ್ ದಿನ ನೋಡಾಣ. ನೀವೇ ಅಲ್ವ ಓದಿದ್ದು?"

ಅವರ ಮಾತು ನನಗೆ ಕೇಳಿಸಿತು. ಕೇಳಿಸಲಿಲ್ಲವೆಂದು ನಾನು ಎಂದೂ ಹೇಳಿಕೊಂಡಿಲ್ಲ. ಪೈಪನ್ನು ಎರಡೂ ಕೈಗಳಿಂದೆತ್ತಿ ತಲೆಯ ಮೇಲೆ ಹೊಡೆದೆ. ಮೂಳೆ ಒಡೆದ ಸದ್ದು ಕೇಳಿದ ಮೇಲೂ ಹೊಡೆದೆ. ನಾಲ್ಕನೆಯದೋ ಐದನೆಯದೋ ಏಟಿಗೆ ಪೈಪು ನೆಲಕ್ಕೇ ತಾಗಿ ಮಣ್ಣು ಹಾರಿತು. ಯಜಮಾನರು ನನ್ನ ಅಂಗಿ ಹಿಡಿದು ತಿರುಗಿಸಿ, ಮುಷ್ಟಿಯಿಂದ ಬಾಯಿಗೆ ಗುದ್ದಿದರು. ಮುಂದಿನ ಹಲ್ಲೊಂದು ಮುರಿಯಿತು. ನಾನೂ ಅವರ ಪಕ್ಕೆಗೆ ಗುದ್ದಿದೆ. ಇಬ್ಬರೂ ನಾಯಿಯ ರಕ್ತದ ಮೇಲೆ ಜಾರಿಬಿದ್ದೆವು.

"ಕಟ್ಟಿದ್ರೆ ನಿನ್ ಹೆಂಡ್ತಿಗೇ ಒಳ್ಳೇದಾಗ್ತಿತ್ತು ಕಣಯ್ಯ" ಎಂದರು ಯಜಮಾನರು, ನನ್ನ ಎದೆಯ ಮೇಲೆ ಕುಳಿತು. ಆಮೇಲೆ ಅವಳ ಕಾಲನ್ನು ಕಂಡು, ನನ್ನನ್ನು ಬಿಟ್ಟು, ತಮ್ಮ ಅಂಗಡಿಯ ವ್ಯಾನು ತರಲು ಓಡಿದರು. ಅಷ್ಟು ಹೊತ್ತೂ ನಲ್ಲಿ ತೆರೆದೇ ಇತ್ತು. ಗಾಯಕ್ಕೆ ಯಾರೋ ಹೆಂಗಸರು ಸುಣ್ಣ, ಅರಿಶಿನ ಮೆತ್ತಿದ್ದರು.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸುಣ್ಣವನ್ನು ಉಜ್ಜಿ ತೊಳೆಯುವಾಗ ನನ್ನ ಹೆಂಡತಿ ಕಬ್ಬಿಣದ ಮಂಚದ ಕಂಬಿ ಹಿಡಿದು ಅರಚಿದಳು. ನಾಯಿ ಎಲ್ಲಿ ಎಂದು ಡಾಕ್ಟರಮ್ಮ ಕೇಳಿದರು. ಕೊಂದೆವೆಂದೆ. ಹಾಗಾದರೆ ಅದರ ತಲೆಯನ್ನಾದರೂ ಐಸಿನಲ್ಲಿಟ್ಟು ತನ್ನಿ, ಮಿದುಳನ್ನು ಬೆಂಗಳೂರಿಗೆ ಕಳಿಸಿ ಹುಚ್ಚು ಹಿಡಿದಿತ್ತೇ ಇಲ್ಲವೇ ಎಂದು ತಿಳಿಯಬಹುದು ಎಂದರು. ಹಿಂದೆ ನಿಂತಿದ್ದ ಯಜಮಾನರೇ ಉತ್ತರ ಕೊಟ್ಟರು: "ತಲೆ ಉಳ್ದಿಲ್ಲ ತಾಯಿ."

ನಾಯಿ ಹತ್ತು ದಿನ ಬದುಕಿದ್ದರೆ ಅದಕ್ಕೆ ಹುಚ್ಚಿಲ್ಲವೆಂದು ತಿಳಿದು ಸೂಜಿಯನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ಈಗ ಹೊಕ್ಕುಳಿನ ಸುತ್ತ ಹದಿನಾಲ್ಕನ್ನೂ ಚುಚ್ಚಿಸಿಕೊಳ್ಳಬೇಕಾಯಿತು. ಆರನೆಯ ದಿನಕ್ಕೆ ಅವಳ ಹೊಟ್ಟೆ ಗಟ್ಟಿಯಾಗಿ, ಕೆಂಪಗೆ ಊದಿ, ಸೀರೆಯ ಗಂಟನ್ನು ಪಕ್ಕಕ್ಕೆ ಕಟ್ಟಿಕೊಳ್ಳುವಂತಾಯಿತು. ಹೊಸ ಸೂಜಿಗೆ ಜಾಗವಿಲ್ಲದೆ ಹಳೆಯ ಬಾವಿನ ಪಕ್ಕದಲ್ಲೇ ಚುಚ್ಚುತ್ತಿದ್ದರು. ಅವಳ ಎರಡು ಕೈಗಳನ್ನೂ ನಾನು ಒತ್ತಿ ಹಿಡಿಯಬೇಕಾಗಿತ್ತು. ಹದಿನಾಲ್ಕು ದಿನವೂ ಯಜಮಾನರು ವ್ಯಾನಿನಲ್ಲಿ ಕರೆದೊಯ್ದರು. ಅವಳನ್ನು ಮಾತಾಡಿಸುತ್ತಿದ್ದರು, ನನ್ನನ್ನಲ್ಲ. ಕೊನೆಯ ದಿನ ಮಾತ್ರ, ಅವಳು ಇಳಿದು ಒಳಗೆ ಹೋದ ಮೇಲೆ, ಸ್ಟಿಯರಿಂಗ್ ಹಿಡಿದೇ ಹೇಳಿದರು:

"ತೋಟದಲ್ಲಾಗಿದ್ರೆ ತಪ್ಪು ನಂದೇ ಅಂತ ಆವತ್ತೇ ಒಪ್ಕಂಡ್ಬುಡ್ತಿದ್ದೆ. ಇಲ್ಲಿ ಇಬ್ರುದೂ ಆಗೋಯ್ತು."

ಸುಣ್ಣ ಮೆತ್ತಿ, ತೊಳೆಯುವುದು ತಡವಾದ ಆಳದ ಗಾಯವಾದ್ದರಿಂದ, ಇಷ್ಟಾದರೂ ಪೂರಾ ಭರವಸೆ ಕೊಡಲಾರೆನೆಂದರು ಡಾಕ್ಟರಮ್ಮ. ಒಂದು ವರ್ಷ ಕಳೆದರೆ ಆಗ ಹೇಳುತ್ತೇನೆಂದರು. ಕುಣಿಗಲ್ ಕಡೆಯ, ಮಾರ್ಕೋನಹಳ್ಳಿ ಕಾಲುವೆಯ ಕೆಳಗಿನ ಊರಿನಿಂದ ಬಂದ ನನ್ನ ಅತ್ತೆ, ಮಗಳನ್ನು ತವರಿಗೆ ಕಳಿಸಿಕೊಡಿ, ಅಲ್ಲಿಯಾದರೂ ಹೊಡೆದಾಟವಿಲ್ಲ ಎಂದು ಎಲ್ಲರೆದುರಿಗೇ ಹೇಳಿದರು. ಅವಳು ಹೋಗಲಿಲ್ಲ. ಹುಚ್ಚು ಹಿಡಿದವರಿಗೆ ನೀರು ಕಂಡರೆ ಗಂಟಲು ಬಿಗಿಯುತ್ತದೆಂದು ನಾನೇ ಪಾಠ ಮಾಡಿದ್ದೆ. ಅವಳು ಲೋಟವೆತ್ತಿದಾಗಲೆಲ್ಲ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಒಂದು ದಿನ ಅವಳು ಲೋಟವನ್ನು ನನ್ನ ಎದೆಗೇ ಎಸೆದಳು.

"ನಾನ್ ಸಾಯೋದ್ ಕಾಯ್ತಾ ನಿಂತ್ಕಬೇಡಿ. ನೀರ್ ಕುಡಿಯಕ್ಕೂ ಭಯ ಆಗುತ್ತೆ."

ಅಂದಿನಿಂದ ಅಡುಗೆಮನೆಯ ಶಬ್ದಕ್ಕೆ ಕಿವಿಗೊಟ್ಟು ಹೊರಗೇ ಕುಳಿತಿರುತ್ತಿದ್ದೆ. ಶಾಲೆಯಲ್ಲಿ ಬೆತ್ತವನ್ನು ಬೀರುವಿನೊಳಗೆ ಇಟ್ಟುಬಿಟ್ಟೆ. ಆ ವರ್ಷ ಯಾರನ್ನೂ ಹೊಡೆಯಲಿಲ್ಲ.

ವರ್ಷ ತುಂಬಿದ ದಿನ ಅವಳು ಡಾಕ್ಟರಮ್ಮನ ಮುಂದೆ ಕುಳಿತು, ಬಾಯಿಮಾತು ಸಾಲದು, ಇವರಿಗೆ ಬರಹದಲ್ಲಿ ಬೇಕು ಎಂದು ನನ್ನತ್ತ ಕೈ ತೋರಿಸಿದಳು. ಅವರು ನಗುತ್ತ ಚೀಟಿಯೊಂದರಲ್ಲಿ "ಇನ್ನು ಭಯಪಡಬೇಕಾಗಿಲ್ಲ" ಎಂದು ಬರೆದು, ಸಹಿ ಮಾಡಿ, ಕೆಳಗೆ ತಾರೀಖು ಹಾಕಿದರು: ೧೧ ಮಾರ್ಚ್ ೧೯೯೭, ಮಂಗಳವಾರ.