ಭೇಲೂಪುರದಲ್ಲಿ ಜಾರಿದ ತಂತಿ

ಅಲ್ಲ, ಆ ಮನೆಯ ವಾಸನೆ ಹೊಲಿಗೆ ಯಂತ್ರದ ಎಣ್ಣೆಯದೇ ಇರಬೇಕು; ಸೀಮೆಎಣ್ಣೆಯದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ನನ್ನ ತಪ್ಪು. ಮೊನ್ನೆ ಹಳೆಯ ಗಿಟಾರಿನ ಬಿರಡೆ ತಿರುಗದೆ ಹಟ ಹಿಡಿದಾಗ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟೆ. ಆ ವಾಸನೆಗೆ ಕಾಶಿಯ ಶಿವಾಲದಲ್ಲಿದ್ದ ಕಾಕಾನ ಮನೆಯ ಮೂಲೆ ಎದ್ದು ಬಂತು: ಕಾಕಾನ ಹೆಂಡತಿ ಕಾಕುವಿನ ಹೊಲಿಗೆ ಯಂತ್ರ, ಪಕ್ಕದಲ್ಲಿ ಗೋಡೆಗೊರಗಿದ ನನ್ನ ಗಿಟಾರು. ಎದ್ದು ಬಂತು ಎನ್ನುತ್ತೇನೆ, ನೀವು ಪೂರ್ತಿ ನಂಬಬೇಡಿ. ಈ ಕಥೆ ಹೇಳುವಾಗ ಎಷ್ಟೋ ಸಲ ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆಯನ್ನು ಕಿಟಕಿಯೊಳಗೆ ತಂದಿದ್ದೇನೆ, ದೂರದಲ್ಲಿ ಒಂದು ಗಂಟೆಯನ್ನೂ ಬಾರಿಸಿದ್ದೇನೆ. ಕಾಶಿ ಎಂದರೆ ಕೇಳುವವರಿಗೆ ಹೊಗೆ ಬೇಕು, ಗಂಟೆ ಬೇಕು. ನಿಜವಾಗಿ ನಾವು ಬಾರಿಸುತ್ತಿದ್ದ ಕೋಣೆ ಇದ್ದದ್ದು ಭೇಲೂಪುರದಲ್ಲಿ, ಒಂದು ದವಾಖಾನೆಯ ಮೇಲೆ. ಕಿಟಕಿಯಿಂದ ಬರುತ್ತಿದ್ದದ್ದು ರೋಗಿಗಳ ಕೆಮ್ಮು.

ತೊಂಬತ್ತರ ದಶಕದ ಮೊದಲ ವರ್ಷಗಳು. ಕಾಕಾ, ಎಂದರೆ ನನ್ನ ತಂದೆಯ ತಮ್ಮ, ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಗಂಗೆಯ ದಡದಲ್ಲಿ ಕರ್ಮ ಮಾಡಿಸುತ್ತಿದ್ದರು. ಅವರ ಮಗ ವಿಶ್ವ ಮಂತ್ರ ಬಿಟ್ಟು ತಬಲ ಹಿಡಿದಿದ್ದ. ಆ ಜಾಗಕ್ಕೆಂದು ಧಾರವಾಡದಿಂದ ನನ್ನನ್ನು ಕರೆಸಿಕೊಂಡರೆ, ನಾನು ಹೆಗಲಿಗೆ ಗಿಟಾರು ಹಾಕಿಕೊಂಡು ರೈಲಿನಿಂದ ಇಳಿದೆ.

"ನಿನ್ನ ಕೈಯಾಗ ದರ್ಭಿ ಇರಬೇಕಾಗಿತ್ತಲೋ. ಇದನ್ಯಾಕ ಹೊತ್ಕೊಂಡ್ ಬಂದಿ?" ಎಂದರು ಕಾಕಾ, ಸ್ಟೇಷನ್ನಿನಲ್ಲೇ. ಕೆಟ್ಟವರಲ್ಲ, ಮನೆ ಮುಟ್ಟುವಷ್ಟರಲ್ಲಿ ತಾವೇ ಇಳಿದು ಬಂದರು. "ಶಿವರಾತ್ರಿ ತನಕ ಬಾರಸ್ಕೋ. ಅಷ್ಟರಾಗ ಯಾರರ ನಿನ್ನ ಪಕ್ಕಕ್ಕ ಕೂಡಿಸ್ಕೊಂಡ್ರ ಸರಿ. ಇಲ್ಲಾಂದ್ರ ಅದನ್ನ ಗ್ವಾಡಿಗೆ ತೂಗುಹಾಕಿ ನನ್ನ ಜೋಡಿ ಘಾಟಿಗೆ ಬಾ."

ಕೂಡಿಸಿಕೊಳ್ಳಬೇಕಾದವರು ವಿಶ್ವನ ಜೊತೆಗಾರ, ಸಾರಂಗಿ ನುಡಿಸುವ ಮುದುಕ. ಎಲ್ಲರಿಗೂ ಚಾಚಾ. ಮೊದಲ ದಿನ ನನ್ನನ್ನು ಕಂಡು "ಕಾ ಗುರು!" ಎಂದರು, ಏನು ಗುರುಗಳೇ ಎಂಬಂತೆ. ನಾನು ಉಬ್ಬಿದೆ. ಹತ್ತು ನಿಮಿಷದೊಳಗೆ ಹಾಲಿನವನನ್ನೂ ಮೆಟ್ಟಿಲಿಗೆ ಅಡ್ಡ ಮಲಗಿದ್ದ ಗೂಳಿಯನ್ನೂ ಅವರು ಗುರು ಎಂದೇ ಕರೆದರು.

ಅವರಿಬ್ಬರ ಪದ್ಧತಿ ಹೀಗೆ: ಒಬ್ಬ ಯಾವುದೋ ಸ್ವರ ಹಿಡಿದು ಹೊರಡುವುದು, ಇನ್ನೊಬ್ಬ ಹಿಂದೆ ಬರುವುದು. ಎಲ್ಲಿಗೆ ಎಂದು ಕೇಳುವಂತಿಲ್ಲ. ನಾನು ಹಿಂದೆ ಹೋದಾಗಲೆಲ್ಲ ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳು ಒಂದೊಂದು ಸ್ವರವನ್ನೂ ಕತ್ತರಿಸಿ ಕೊಡುತ್ತಿದ್ದವು. ಸಾರಂಗಿ ಅವುಗಳ ನಡುವೆ ಜಾರಿಕೊಂಡು ಎಲ್ಲೋ ಇರುತ್ತಿತ್ತು.

"ಈ ತೋಹಾರ್ ಗಿಟಾರ್ ಸೀಢೀ ಚಢತ್ ಬಾ ಗುರು, ಬಹತ್ ನಾಹೀಂ," ಎಂದರು ಚಾಚಾ. ಮೆಟ್ಟಿಲು ಹತ್ತುತ್ತದೆ, ಹರಿಯುವುದಿಲ್ಲ.

"ಟೆನ್ಶನ್ ಬ್ಯಾಡ ಭೈಯಾ," ಎಂದ ವಿಶ್ವ. "ಚಾಚಾ ಸಬ್‌ಕೋ ಹಿಂಗ ಅಂತಾರ. ನಿನಗ ಥೋಡಾ ಜಾಸ್ತಿ."

ತಂತಿಯನ್ನು ಬೆರಳಿನಿಂದ ಎಳೆದು ಬಗ್ಗಿಸಿ ನೋಡಿದೆ. ಎರಡು ತಂತಿ ಹರಿದವು, ಒಂದು ಬೆರಳು ಕೊಯ್ಯಿತು. ಶಿವರಾತ್ರಿಯ ಹಿಂದಿನ ಮಧ್ಯಾಹ್ನ ಚಾಚಾ ಸಾರಂಗಿ ಶ್ರುತಿ ಮಾಡುತ್ತ, ನನ್ನ ಮುಖ ನೋಡದೆ, ಇವತ್ತೊಂದು ದಿನ ಕೂತುಕೋ ಎಂದರು. ನಾಳೆಯಿಂದ ಬೇಡ ಎಂಬ ಅದರ ಅರ್ಥ ಮೂವರಿಗೂ ಗೊತ್ತಿತ್ತು.

ಅವತ್ತೇ ದಪ್ಪ ತಂತಿ ಜಾರತೊಡಗಿತು. ನಿಲ್ಲಿಸಿ ಶ್ರುತಿ ಮಾಡಿಕೊಳ್ಳಲು ನಾಚಿಕೆ. ಅವರ ಸದ್ದಿನ ಮರೆಯಲ್ಲಿ ಮೆಲ್ಲಗೆ ಮೀಟಿ ಬಿರಡೆ ತಿರುಗಿಸಲು ಹೋದೆ. ಹೆಬ್ಬೆರಳು ಜೋರಾಗಿಯೇ ಬಿತ್ತು. ಸ್ವರ ಇನ್ನೂ ಮೊಳಗುತ್ತಿರುವಾಗಲೇ, ತಿರುಗುತ್ತಿದ್ದ ಬಿರಡೆಯೊಂದಿಗೆ ಕೆಳಗಿನಿಂದ ಎದ್ದು, ನರಳಿಕೊಂಡು, ಯಾವ ಪಟ್ಟಿಯನ್ನೂ ಮುಟ್ಟದೆ ಮೇಲಕ್ಕೆ ಹೋಯಿತು. ವಿಶ್ವ ತಲೆ ಎತ್ತದೆ ಕೂಗಿದ: "ಮತ್..." ಉಳಿದದ್ದನ್ನು ತಬಲದ ಪೆಟ್ಟು ನುಂಗಿತು.

ನನಗೆ ಕೇಳಿಸಿದ್ದು ನಮ್ಮ ಧಾರವಾಡದ 'ಮತ್ತ'. ಎಂದರೆ ಇನ್ನೊಮ್ಮೆ. ತಂತಿ ಸಡಿಲಿಸಿ ಇನ್ನೊಮ್ಮೆ ಎಳೆದೆ, ಈ ಸಲ ಬೇಕೆಂದೇ. ಸ್ವರ ಬತ್ತುವ ಹೊತ್ತಿಗೆ ಸಾರಂಗಿ ಕೆಳಗಿಳಿದು ಅದನ್ನು ಎತ್ತಿಕೊಂಡಿತು; ಚಾಚಾ ಬಿಟ್ಟಲ್ಲಿ ನಾನು ಹಿಡಿದೆ. ಎಷ್ಟು ಹೊತ್ತೋ. ಗಂಟೆಗಟ್ಟಲೆ ಎಂದು ಹೇಳುವುದುಂಟು, ಹತ್ತೇ ನಿಮಿಷವಿದ್ದರೂ ಇರಬಹುದು.

"ಅಬ್ ಬಹಲ್ ಗುರು," ಎಂದರು ಚಾಚಾ. ಈಗ ಹರಿಯಿತು. ನಾಳೆಯೂ ಬಾ ಎಂದರು.

ಮನೆಯಲ್ಲಿ ಹೇಳಿದಾಗ ಕಾಕಾ ಅಂದದ್ದು ಇಷ್ಟೇ: "ಕೂಡಿಸ್ಕೊಂಡ್ರಂತೇನು? ಆತು ಬಿಡು." ಶಿವರಾತ್ರಿಯ ಮರುದಿನ, ತಮ್ಮ ಚೀಲದ ಜೊತೆ, ನನಗೆಂದು ತೆಗೆದಿಟ್ಟಿದ್ದ ಕರ್ಮದ ಸಾಮಾನಿನ ಚೀಲವನ್ನೂ ತಾವೇ ಹೊತ್ತುಕೊಂಡು ಘಾಟಿಗೆ ಹೋದರು.

ಆ ನಾದವೇ ಇಂದಿಗೂ ನನ್ನ ಅನ್ನ. ಎಲ್ಲಿ ಕೇಳಿದರೂ 'ಇನ್ನೊಮ್ಮೆ ಎಂದ ತಬಲದವನ' ಕಥೆ ಹೇಳುತ್ತೇನೆ. ಆದರೆ ಎಣ್ಣೆಯ ವಿಷಯದಲ್ಲಿ ಒಂದು ತಪ್ಪು ಸಿಕ್ಕ ಮೇಲೆ ಇನ್ನೊಂದನ್ನು ಹುಡುಕದೆ ಇರಲಾಗಲಿಲ್ಲ. ವಿಶ್ವ ತಬಲದ ಮುಂದೆ ಕೂತರೆ ಬೈಯುತ್ತಿದ್ದದ್ದು ಹಿಂದಿಯಲ್ಲಿ. ಹಿಂದಿಯಲ್ಲಿ 'ಮತ್' ಎಂದರೆ ಬೇಡ. ಅಲ್ಲೇ ವರ್ಷಗಟ್ಟಲೆ ಇದ್ದೂ ನನಗೆ ಇದು ಹೊಳೆದಿರಲಿಲ್ಲ, ಅಥವಾ ಹೊಳೆಯಲು ನಾನು ಬಿಟ್ಟಿರಲಿಲ್ಲ. ನಿನ್ನೆ ಅವನಿಗೆ ಫೋನು ಮಾಡಿದೆ.

"ಅವತ್ತು ನೀ ಮತ್ತ ಅಂದ್ಯೋ, ಮತ್ ಅಂದ್ಯೋ?"

ಬಹಳ ಹೊತ್ತು ನಕ್ಕ. "ಆವಾಗ ನನ್ನ ಬಾಯಾಗ ಅರ್ಧಾ ಇಲ್ಲೀದು, ಅರ್ಧಾ ಅಲ್ಲೀದು. ನೆನಪ್ ಹ್ಯಾಂಗ್ ಇರ್ಬೇಕು ಭೈಯಾ?" ಆಮೇಲೆ ನಗು ನಿಂತಿತು. "ಲೇಕಿನ್ ಅಪ್ಪಾ ಎರಡೂ ಚೀಲಾ ಹೊತ್ಕೊಂಡ್ ಹ್ವಾದದ್ದು ಯಾದ್ ಅದ."

ಬೇಡ ಎಂದೇ ಅಂದಿದ್ದನೋ ಏನೋ. ಅಂದಿದ್ದರೆ, ಶ್ರುತಿ ಕೆಟ್ಟಿತೆಂದೋ, ತಾನು ಬಿಟ್ಟುಬಂದ ಅಪ್ಪನ ಜೊತೆಗೆ ನಾನಾದರೂ ಹೋಗಲಿ ಎಂದೋ? ಅದನ್ನು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನನಗೆ ಗೊತ್ತಿಲ್ಲ.