ಅಕ್ಕನ ಮಂಡಿಯ ಸುದ್ದಿ ಹೊತ್ತು ನರಸೀಪುರಕ್ಕೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಉಚಿತ, ಆಧಾರ್ ತೋರಿಸಿ ಟಿಕೆಟ್ ಪಡೆದೆ. ಮೋಡವಿತ್ತು, ಮಳೆಯಿರಲಿಲ್ಲ. ಸುತ್ತೂರು ದಾಟುವಾಗ ಹೊಳೆಯ ಕಡೆ ನೋಡಲೂ ಮನಸ್ಸಾಗಲಿಲ್ಲ.

ಅಕ್ಕನಿಗೆ ರುಮಟಾಯ್ಡ್ ಸಂಧಿವಾತ. ಕೀಲಿನ ಒಳಪದರದ ಜೀವಕೋಶಗಳು ಸಾಯಬೇಕಾದಾಗ ಸಾಯದೆ, ಬೆಳೆದು ಮೂಳೆಯನ್ನೇ ತಿನ್ನುತ್ತವೆ. ಅವುಗಳನ್ನು ಸಾಯುವಂತೆ ಮಾಡುವ ಔಷಧ ಹುಡುಕುವುದು ಮೈಸೂರಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಮಂಡಿಯ ಆಪರೇಷನ್ನಿನಲ್ಲಿ ತೆಗೆದ ಪದರದ ಚೂರನ್ನು ಅಕ್ಕ ನಮಗೆ ಕೊಟ್ಟಿದ್ದಳು. ಕಳೆದ ತಿಂಗಳು ಆ ಕೋಶಗಳು ಪ್ರಯೋಗದ ಗಾಜಿನ ತಟ್ಟೆಯಲ್ಲಿ ನಮ್ಮ ಔಷಧಕ್ಕೆ ಸತ್ತವು. ಖುಷಿಯಲ್ಲಿ ಫೋನ್ ಮಾಡಿದ್ದೆ. ಅಂದಿನಿಂದ ಅವಳು ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗುವ ಮಾತ್ರೆ ನಿಲ್ಲಿಸಿದ್ದಾಳೆಂದು ಭಾವ ನಿನ್ನೆ ತಿಳಿಸಿದರು.

ಅಕ್ಕನ ಮನೆಯ ಬಾಗಿಲು ತೆಗೆಯಲು ಹೊತ್ತು ಹಿಡಿಯಿತು. ಕಿಟಕಿಯಲ್ಲಿ ಇಣುಕಿದರೆ, ಚಿಲಕವನ್ನು ಮಣಿಕಟ್ಟಿನಿಂದ ಸರಿಸುತ್ತಿದ್ದಳು.

"ಔಷ್ದಿ ತಂದ್ಯಾ?" ಎಂದಳು.

"ಅದಿನ್ನೂ ಔಷಧಿ ಆಗಿಲ್ಲ ಕಣಕ್ಕ. ಬರೀ ತಟ್ಟೇಲಿ ಸತ್ತಿದ್ದು ಅಂತ ಅವತ್ತೇ ಹೇಳಿದ್ನಲ್ಲ."

"ಇಲ್ಲ ಕಣವ್ವ. 'ಗೆದ್ವಿ ಅಕ್ಕ' ಅಂದೆ, ಅಷ್ಟೇ. ಆ ಮಾತ್ರೆ ನುಂಗುದ್ರೆ ಎರಡ್ ದಿನ ವಾಕರಿಕೆ. ಇನ್ಯಾಕೆ ಅಂತ ಬುಟ್ಬುಟ್ಟೆ."

ತಟ್ಟೆಯ ಮಾತು ಹೇಳಿದ ನೆನಪು ನನಗಿದೆ. ಹೇಳಬೇಕಿತ್ತು ಎನ್ನುವುದರಿಂದಲೇ ಆ ನೆನಪು ಹುಟ್ಟಿರಲೂಬಹುದು.

ರೊಟ್ಟಿ ಹಾಕಿದಳು. ತಿನ್ನುತ್ತಾ, ನಮ್ಮ ಔಷಧ ಒಳ್ಳೆಯ ಕೋಶಗಳನ್ನೂ ಕೊಂದಿತೆಂದು ಹೇಳಿದೆ. ಇಪ್ಪತ್ತು ವರ್ಷ ರೇಷ್ಮೆಗೂಡಿನಿಂದ ನೂಲು ತೆಗೆದವಳಿಗೆ ಕೂಡಲೇ ಅರ್ಥವಾಯಿತು.

"ಗೂಡ್ಗೆ ಆವಿ ಕಮ್ಮಿಯಾದ್ರೆ ಒಳಗಿನ್ ಉಳ ಸಾಯಲ್ಲ, ಚಿಟ್ಟೆಯಾಗಿ ತೂತ್ ಮಾಡ್ಕಂಡ್ ಆಚೆ ಬತ್ತದೆ. ಜಾಸ್ತಿಯಾದ್ರೆ ನೂಲೇ ಕೆಟ್ಟೋಯ್ತದೆ. ಎಷ್ಟ್ ಆವಿ ಅಂತ ನಿಂಗಿನ್ನೂ ಗೊತ್ತಾಗಿಲ್ಲ."

"ಇಲ್ಲ ಅಕ್ಕ."

"ಅಷ್ಟೊರ್ಸ ಓದಿ ಏನ್ ಮಾಡ್ದೆ ಮತ್ತೆ?" ಎಂದು ನಕ್ಕಳು. ಆಮೇಲೆ ಬೆರಳುಗಳನ್ನು ನೋಡಿಕೊಂಡು, "ಒಂದ್ಸಲ, ಬಿಸ್ನೀರ್ಗೆ ಕೈ ಬುಟ್ಟು ಎಳೆ ತುದಿ ಇಡಿಯೋ ಅಂಗಾಗಿದ್ರೆ ಸಾಕಿತ್ತು."

ಅವಳ ಡಾಕ್ಟರಿಗೆ ಫೋನ್ ಮಾಡಿದೆವು. ಇವತ್ತೇ ಮತ್ತೆ ಶುರು ಮಾಡಿ ಎಂದರು. ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಒತ್ತಿ ತೆಗೆಯುವುದು ಅವಳ ಕೈಲಿ ಆಗಲಿಲ್ಲ; ನಾನೇ ತೆಗೆದು ಅಂಗೈಗೆ ಹಾಕಿದೆ. ಮುಖ ಕಿವುಚಿ ನುಂಗಿದಳು.

ಬಸ್ಸಿನವರೆಗೂ ಕುಂಟುತ್ತಾ ಬಂದಳು. "ಅಲ್ಲೀಗಂಟ ಇದನ್ನೇ ನುಂಗ್ತೀನಿ, ಓಗು. ಬೇಗ ಕಂಡಿಡಿ."

ಸೀಟಿನಲ್ಲಿ ಕೂತೊಡನೆ ಡೈರಿ ತೆಗೆದು ಬರೆದೆ: ಅಕ್ಕ 'ಬೇಗ' ಅಂದಳು.

ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಪೂರ್ತಿ ಬಿಚ್ಚಲಾಗದ ಕೈಯನ್ನು ಮೇಲೆತ್ತಿಕೊಂಡು ಇನ್ನೂ ಅಲ್ಲೇ ನಿಂತಿದ್ದಳು.